ಹಾಸನ–ಸೊಲ್ಲಾಪುರ ರೈಲಿನಲ್ಲಿ ಹಾಸ್ಟೆಲ್ ಸಾಮಾನು: ನಾಲ್ಕು ವರ್ಷ ಸಾಗಿಸಿದ ಮೇಲೆ

ಮಗಳು 2021ರಲ್ಲಿ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಸೇರಿದಳು. ನಾವಿರುವುದು ಹಾಸನದಲ್ಲಿ. ಸೀಟು ಸಿಕ್ಕಿದ ಖುಷಿ ಎರಡು ದಿನ ಇತ್ತು. ಮೂರನೇ ದಿನ ಹಾಸ್ಟೆಲ್‌ಗೆ ಏನೇನು ತರಬೇಕು ಅನ್ನೋ ಪಟ್ಟಿ ಬಂತು. ಹಾಸಿಗೆ, ಬಕೆಟ್, ತಟ್ಟೆ, ಲೋಟ, ಬೀಗ, ಹೀಗೇ ಉದ್ದಕ್ಕೆ. ಅದಕ್ಕೆ ನಾನು ಸೇರಿಸಿದ್ದು ಇನ್ನೊಂದಿಷ್ಟು.

ಮೊದಲು ಹೋದದ್ದು ಒಂದು ಕೊರಿಯರ್ ಅಂಗಡಿಗೆ. ಮನೆಯ ಹತ್ತಿ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು ತಗೊಂಡು ಹೋಗಿದ್ದೆವು. ತಕ್ಕಡಿಯಲ್ಲಿ 7 ಕೆ.ಜಿ. ಅಂಗಡಿಯ ಹುಡುಗ ಟೇಪು ತೆಗೆದು ಅಳೆದ. ಉದ್ದ 90 ಸೆಂ.ಮೀ., ಅಗಲ 45, ಎತ್ತರ 45. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. ಬಂದದ್ದು 36ರ ಮೇಲೆ. "ಅಮ್ಮ, 36 ಕೆ.ಜಿ.ಗೆ ಬಿಲ್ ಆಗುತ್ತೆ" ಅಂದ. ಹಗುರವಾದ ಸಾಮಾನು ಗಾಡಿಯಲ್ಲಿ ಜಾಗ ತಿನ್ನುತ್ತಲ್ಲ, ಕೊರಿಯರ್‌ನವರ ಲೆಕ್ಕ ಹಾಗೆ. ಮೋಸ ಏನಲ್ಲ. ಆದರೆ ಆ ದುಡ್ಡಿಗೆ ಹೊಸ ಹಾಸಿಗೆಯೇ ಬರುತ್ತಿತ್ತು. ಸುಮ್ನೆ ಅದನ್ನು ವಾಪಸ್ ಮನೆಗೆ ತಂದೆವು.

ರೈಲಿನ ನೆನಪು ಮಾಡಿದ್ದು ನಮ್ಮ ಯಜಮಾನರು. 11312, ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್. ಬೆಂಗಳೂರಿನಲ್ಲಿ ಇಳಿದು ಹತ್ತೋ ರಗಳೆಯಿಲ್ಲ. ರಾತ್ರಿ ಮಲಗಿದರೆ ಬೆಳಿಗ್ಗೆ ಕಲಬುರಗಿ. ಸ್ಲೀಪರ್ ಟಿಕೆಟ್ಟಿಗೆ ನಾವು ಕೊಟ್ಟದ್ದು ನಾನೂರರ ಮೇಲೆ ಚಿಲ್ಲರೆ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ. ಲಗೇಜು ಉಚಿತ. ನಾನೂ ಜೊತೆಗೆ ಹೋದರೆ 80. ನನ್ನ ಟಿಕೆಟ್ಟನ್ನೇ ಲಾರಿ ಬಾಡಿಗೆ ಅಂದುಕೊಂಡೆ! ಇದಕ್ಕಿಂತ ಜಾಸ್ತಿ ಇದ್ದರೆ ಮೊದಲೇ ಲಗೇಜು ಬುಕ್ ಮಾಡಿಸಬೇಕು. ಬುಕ್ ಮಾಡದೆ ಸಿಕ್ಕಿಬಿದ್ದರೆ ಹೆಚ್ಚಾದ ತೂಕಕ್ಕೆ ಲಗೇಜು ದರದ ಆರು ಪಟ್ಟು. ನಾನು ಪ್ರತಿ ಸಲವೂ ಬಚ್ಚಲಮನೆಯ ತೂಕದ ಯಂತ್ರದ ಮೇಲೆ ಚೀಲ ಹಿಡಿದು ನಿಂತು, ಆಮೇಲೆ ನನ್ನ ತೂಕ ಕಳೆದು ನೋಡುತ್ತಿದ್ದೆ. ನನ್ನ ತೂಕ ಎಷ್ಟೂಂತ ಮಗಳಿಗೆ ಗೊತ್ತಾದದ್ದೊಂದೇ ನಷ್ಟ.

ತೂಕ ನೋಡಿದೆ, ಅಳತೆ ನೋಡಲಿಲ್ಲ. ಮೊದಲನೇ ಸಲ ತವರಿನ ತಗಡಿನ ಟ್ರಂಕು ತಗೊಂಡು ಹೋದೆ. ಹದಿನಾರು ಇಂಚು ಎತ್ತರ. ಸೀಟಿನ ಕೆಳಗೆ ತಳ್ಳಿದರೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಎದುರು ಸೀಟಿನ ಅಜ್ಜ ಚಪ್ಪಲಿ ಬಿಟ್ಟು, ಗೋಡೆಗೆ ಕಾಲು ಕೊಟ್ಟು ಎಳೆದರು. ಒಂದು ಹಿಡಿ ಕಿತ್ತು ಅವರ ಕೈಗೇ ಬಂತು. ರಾತ್ರಿಯೆಲ್ಲ ಓಡಾಡುವವರು ಅದನ್ನು ಎಡವಿದರು, ನಾನು ಕ್ಷಮೆ ಕೇಳಿದೆ. ಬೋಗಿಯೊಳಗೆ ತರುವ ಪೆಟ್ಟಿಗೆ 100 × 60 × 25 ಸೆಂ.ಮೀ. ಮೀರಬಾರದು ಅಂತ ರೈಲ್ವೆಯ ನಿಯಮವೇ ಇದೆ. ಓದಿದ್ದು ಆಮೇಲೆ. ಎರಡನೇ ಸೆಮಿಸ್ಟರ್‌ನಿಂದ ಮೆತ್ತನೆಯ ರೆಕ್ಸಿನ್ ಚೀಲಗಳು. ಒತ್ತಿದರೆ ಎಲ್ಲಿ ಬೇಕಾದರೂ ಕೂರುತ್ತವೆ.

ಹಾಸನದಲ್ಲಿ ಹತ್ತುವುದು ಆರಾಮ. ರೈಲು ಇಲ್ಲಿಂದಲೇ ಹೊರಡುವುದರಿಂದ ಚೀಲಗಳನ್ನು ಒಂದೊಂದಾಗಿ ಜೋಡಿಸಬಹುದು. ಕಲಬುರಗಿಯಲ್ಲಿ ಹಾಗಲ್ಲ, ಅದು ನಡುವಿನ ಸ್ಟೇಷನ್. ವಾಡಿ ದಾಟಿದ ಕೂಡಲೇ ಎಲ್ಲ ಚೀಲ ಬಾಗಿಲ ಹತ್ತಿರ ಬಂದಿರಬೇಕು. ಒಬ್ಬರು ಇಳಿದು ಹಿಡಿಯಬೇಕು, ಇನ್ನೊಬ್ಬರು ಮೇಲಿಂದ ಕೊಡಬೇಕು. ಮಗಳು ಒಬ್ಬಳೇ ಹೋಗುವಾಗ ಎರಡು ಚೀಲದ ಮೇಲೆ ಕಟ್ಟಲೇ ಇಲ್ಲ.

ಮೂರನೇ ವರ್ಷ ನನಗೆ ಸೊಂಟ ನೋವು. ಹಾಗಾಗಿ ಎರಡು ರಟ್ಟಿನ ಪೆಟ್ಟಿಗೆಗಳನ್ನು ಒಂದು ಖಾಸಗಿ ಬಸ್ಸಿನ ಡಿಕ್ಕಿಗೆ ಹಾಕಿಸಿದೆವು. ಒಂದು ಕಲಬುರಗಿ ಸೇರಿತು. ಇನ್ನೊಂದು ಮುಂದಿನ ಊರಿಗೆ ಹೋಗಿ, ನಾಲ್ಕು ದಿನ ಫೋನ್ ಮಾಡಿದ ಮೇಲೆ ಒದ್ದೆಯಾಗಿ ಬಂತು. ಪರೀಕ್ಷೆಯ ನೋಟ್ಸು ಇದ್ದದ್ದು ಅದರಲ್ಲೇ.

ಮರೆತ ಚಿಕ್ಕಪುಟ್ಟ ಸಾಮಾನಿಗೆ ಸ್ಪೀಡ್ ಪೋಸ್ಟ್. ಕ್ಯಾಲ್ಕುಲೇಟರ್, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಎಲ್ಲವೂ ಸರಿಯಾಗಿ ಸೇರಿದವು. ರಸೀದಿಯ ನಂಬರಿನಿಂದ ಪಾರ್ಸೆಲ್ ಎಲ್ಲಿದೆ ಅಂತ ಮೊಬೈಲಿನಲ್ಲೇ ನೋಡಬಹುದು. ಒಮ್ಮೆ ಮಾತ್ರ ನಿಂಬೆ ಉಪ್ಪಿನಕಾಯಿ ಸೋರಿ ಚೂಡಿದಾರ್ ಹಳದಿಯಾಯಿತು. ಅದು ಅಂಚೆಯ ತಪ್ಪಲ್ಲ, ಮುಚ್ಚಳ ತಿರುಗಿಸಿದ್ದು ನಾನೇ.

ಹಾಸಿಗೆ, ಬಕೆಟ್, ಮಗ್ಗು ಇಲ್ಲಿಂದ ಹೊರಲೇಬೇಡಿ. ಅಲ್ಲೇ ಕೊಂಡರೆ ಸಾಗಣೆಗಿಂತ ಕಡಿಮೆ. ಅಂಗಡಿಯಲ್ಲಿ "ಗಾದಿ" ಅಂತ ಕೇಳಿ, ಹಾಸಿಗೆ ಅಂದರೆ ಬೆಡ್‌ಶೀಟ್ ತೋರಿಸಿದ್ದರು. ನಾನು ಪ್ರೀತಿಯಿಂದ ಕಟ್ಟಿದ್ದ ಎರಡು ಕಂಬಳಿಯನ್ನು ಮಗಳು ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಿಚ್ಚಲಿಲ್ಲ. ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ಲಿ ಕಂಬಳಿ ಯಾರಿಗೆ ಬೇಕು?

ಚೀಲ ಬರುವಾಗ ಖಾಲಿ ಇರುತ್ತಿರಲಿಲ್ಲ. ತೊಗರಿಬೇಳೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಅಂದರೆ ಕಡಲೆಕಾಯಿ ಚಟ್ನಿಪುಡಿ). ಬೇಳೆ ಅಕ್ಕಪಕ್ಕದ ಮನೆಗೂ ಹೋಯಿತು. ಕೊನೆಗೆ ಅವರೇ "ಮಗಳು ಯಾವಾಗ ಬರ್ತಾಳೆ" ಅಂತ ಕೇಳುವ ಹಾಗಾಯಿತು, ಬೇಳೆಗೋಸ್ಕರ.

ಈ ರೈಲಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದನ್ನು ನನ್ನ ಸೊಂಟ ಇಟ್ಟುಕೊಂಡಿದೆ. ಅಂದಹಾಗೆ ಟ್ರಂಕು ಅಟ್ಟದ ಮೇಲಿದೆ, ಒಂದು ಹಿಡಿ ಇಲ್ಲ. ಬಸ್ಸಿನಲ್ಲಿ ಹೋಗುವವರು ಯಾರಾದರೂ ಇದ್ದರೆ ಬಂದು ತಗೊಂಡು ಹೋಗಬಹುದು. ಒಳಗೆ ಎರಡು ಕಂಬಳಿಯೂ ಇವೆ.