ಬೆಕ್ಕಿನ ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್: ಎರಡು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಿತ್ತುಕೊಂಡಿದ್ದು ಕೆಲಸ ಮಾಡಲಿಲ್ಲ ಅಂತಲ್ಲ, ಅಂಟು ಅಂತ. ಒಂದು ಹನಿ ಬೆಕ್ಕಿನ ಗಲ್ಲಕ್ಕೆ ಬಿದ್ದರೆ ಸಾಕು, ಅಲ್ಲಿಂದ ಸೋಫಾಗೆ, ಸೋಫಾದಿಂದ ನಿಮ್ಮ ಬಟ್ಟೆಗೆ. ಆಮೇಲೆ ಇರುವೆ.

ನಮ್ಮ ಗುಂಡನಿಗೆ ಹನ್ನೊಂದು ವರ್ಷ, ತೂಕ ಐದು ಕೆಜಿ. ಮನೆಯೊಳಗೇ ಇರುವವನು. ಕಿಡ್ನಿ ಸ್ವಲ್ಪ ಸೋತಿದೆ, ವಯಸ್ಸಾದ ಬೆಕ್ಕುಗಳಲ್ಲಿ ಇದು ಮಾಮೂಲು. ಕಿಡ್ನಿ ನೀರನ್ನು ಹಿಡಿದಿಡದಿದ್ದರೆ ಮೈ ಒಣಗುತ್ತದೆ. ಆಗ ದೊಡ್ಡ ಕರುಳು ಮಲದಲ್ಲಿರುವ ನೀರನ್ನೂ ಹೀರಿಕೊಳ್ಳುತ್ತದೆ. ಗಟ್ಟಿಯಾದದ್ದು ಮುಂದಕ್ಕೆ ಸಾಗುವುದಿಲ್ಲ, ಅಲ್ಲೇ ಕೂತಷ್ಟೂ ಇನ್ನೂ ಒಣಗುತ್ತದೆ. ಲಿಟರ್ ಬಾಕ್ಸಿನಲ್ಲಿ (ಬೆಕ್ಕು ಮಲಮೂತ್ರ ಮಾಡುವ ಮರಳಿನ ಡಬ್ಬ) ತಿಣುಕಿ ತಿಣುಕಿ ಎದ್ದು ಬರುತ್ತಿದ್ದ, ಬಿದ್ದಿರುತ್ತಿದ್ದದ್ದು ಕಲ್ಲಿನಂಥ ಎರಡು ಉಂಡೆ. ವೆಟ್ (ಪಶುವೈದ್ಯರು) ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ ನೋಡಿ ಈ ಸಿರಪ್ ಬರೆದುಕೊಟ್ಟರು.

ಇದು ಬೆಕ್ಕಿಗೆಂದೇ ಮಾಡಿದ ಔಷಧಿಯಲ್ಲ. ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಅದೇ ಬಾಟಲಿ. ಲ್ಯಾಕ್ಟುಲೋಸ್ ಅಂದರೆ ಜೀರ್ಣವಾಗದ ಒಂದು ಸಕ್ಕರೆ. ಅದು ನೇರ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ, ಕರುಳಿನೊಳಕ್ಕೆ ನೀರು ಬರುತ್ತದೆ, ಮಲ ಮೆತ್ತಗಾಗುತ್ತದೆ. ಕೊಟ್ಟ ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ದಿನ ಬೇಕು. ಮಧ್ಯೆ ಹೊಟ್ಟೆ ಗುಡುಗುಡು ಅನ್ನುತ್ತದೆ, ಗ್ಯಾಸ್ ಕೂಡ. ಒಂದೇ ಕೋಣೆಯಲ್ಲಿ ಮಲಗುವವರು ಸ್ವಲ್ಪ ತಾಳಿಕೊಳ್ಳಿ.

ಸಾಮಾನ್ಯವಾಗಿ ಕೆಜಿಗೆ ಅರ್ಧ ಮಿಲಿಯಂತೆ ದಿನಕ್ಕೆ ಎರಡು ಮೂರು ಸಲ ಕೊಡಿಸಿ, ಆಮೇಲೆ ಮಲ ನೋಡಿ ಹೆಚ್ಚು ಕಡಿಮೆ ಮಾಡಿಸುತ್ತಾರೆ. ಗುಂಡನಿಗೆ ಎರಡೂವರೆ ಮಿಲಿ, ಬೆಳಗ್ಗೆ ಮತ್ತು ಸಂಜೆ. ಅಂದರೆ 100 ಮಿಲಿ ಬಾಟಲಿ 20 ದಿನ ಬರುತ್ತದೆ. ನಿಮ್ಮ ಬೆಕ್ಕಿನ ಅಳತೆಯನ್ನು ನಿಮ್ಮ ವೆಟ್ ಹೇಳಲಿ. ಸಕ್ಕರೆ ಕಾಯಿಲೆ ಇರುವ ಬೆಕ್ಕಾದರೆ ಅದನ್ನು ಮೊದಲೇ ತಿಳಿಸಿ. ಜಾಸ್ತಿಯಾದರೆ ಭೇದಿ, ಭೇದಿಯಾದರೆ ಮೈಯ ನೀರು ಖಾಲಿ. ಮತ್ತೆ ಅದೇ ಕಥೆ.

ಸಿಹಿ ಅಲ್ವಾ, ನೆಕ್ಕಿಬಿಡುತ್ತದೆ ಅಂದುಕೊಳ್ಳಬೇಡಿ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಅದನ್ನು ಗುರುತಿಸುವ ಜೀನ್ ಅವುಗಳಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲೇ ಪತ್ತೆಯಾಗಿತ್ತು. ಹಾಗಾಗಿ ಸೂಜಿ ಇಲ್ಲದ ಸಿರಿಂಜ್ ಬೇಕು. ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದೆ ತುದಿ ಇಟ್ಟು, ನುಂಗಲು ಬಿಟ್ಟು ಬಿಟ್ಟು ಹಾಕಬೇಕು. ತಲೆ ಮೇಲಕ್ಕೆತ್ತಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು. ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ.

ಎರಡು ವರ್ಷದಲ್ಲಿ ನನಗೆ ಖಾತ್ರಿಯಾದದ್ದು ಒಂದು. ಈ ಸಿರಪ್ ನೀರು ತರುವುದಿಲ್ಲ, ಮೈಯಲ್ಲಿರುವ ನೀರನ್ನು ಕರುಳಿಗೆ ಎಳೆಯುತ್ತದೆ ಅಷ್ಟೇ. ಬಾವಿಯಲ್ಲೇ ನೀರಿಲ್ಲದಿದ್ದರೆ ಪಂಪ್ ಹಾಕಿ ಏನು ಪ್ರಯೋಜನ? ಒಣ ಕಾಳಿನಂಥ ಆಹಾರದಲ್ಲಿ ನೀರು ಇರುವುದು ನೂರಕ್ಕೆ ಸುಮಾರು ಹತ್ತು ಭಾಗ. ಪೌಚಿನಲ್ಲಿ ಬರುವ ವೆಟ್ (ಒದ್ದೆ) ಫುಡ್‌ನಲ್ಲಿ ಎಪ್ಪತ್ತೈದಕ್ಕೂ ಮೇಲೆ. ಒಣ ಆಹಾರ ಕಡಿಮೆ ಮಾಡಿ, ಪೌಚಿಗೆ ಎರಡು ಚಮಚ ಬೆಚ್ಚಗಿನ ನೀರು ಕಲಸಿ ಕೊಡಲು ಶುರು ಮಾಡಿದ ಮೇಲೆ ಸಿರಪ್ಪಿನ ಅಳತೆಯೂ ಇಳಿಯಿತು. ಕಾರಂಜಿ ಥರದ ನೀರಿನ ಯಂತ್ರವನ್ನೂ ತಂದೆವು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಅದರ ಪಂಪ್ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ, ಆಗಾಗ ವಿನೆಗರ್ ಹಾಕಿ ತೊಳೆಯಬೇಕು. ಇಷ್ಟೆಲ್ಲ ಮಾಡಿದರೂ ಗುಂಡನಿಗೆ ಇಷ್ಟವಾದದ್ದು ಬಚ್ಚಲಿನ ಬಕೆಟ್.

ನಾರಿನ ವಿಷಯ ಹೇಳುವುದಾದರೆ, ಬೇಯಿಸಿದ ಸಿಹಿಗುಂಬಳ ಕೆಲವು ಬೆಕ್ಕಿಗೆ ಆಗಿಬರುತ್ತದೆ. ಇವನು ಮೂಸಿಯೂ ನೋಡಲಿಲ್ಲ. ಇಸಬ್ಗೋಲನ್ನು ಮೈ ಒಣಗಿದ ಬೆಕ್ಕಿಗೆ ಸುಮ್ನೆ ತಿನ್ನಿಸಬೇಡಿ, ನೀರಿಲ್ಲದೆ ಅದು ಉಬ್ಬಿ ಇನ್ನೂ ಕಟ್ಟಿಕೊಳ್ಳುತ್ತದೆ.

ಹಳ್ಳಿಯಿಂದ ಬಂದವರೆಲ್ಲ ಹೇಳುವುದು ಹರಳೆಣ್ಣೆ ಅಥವಾ ಹಾಲು. ಎರಡೂ ಬೇಡ. ಬೆಳೆದ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಅರಗುವುದಿಲ್ಲ, ಅದರಿಂದ ಆಗುವುದು ಹೊಟ್ಟೆ ಕೆಡುವುದು, ಚಿಕಿತ್ಸೆಯಲ್ಲ. ಲಿಕ್ವಿಡ್ ಪ್ಯಾರಾಫಿನ್ ಬಾಯಿಗೆ ಹಾಕುವುದು ಅಪಾಯ, ರುಚಿಯಿಲ್ಲದ ಎಣ್ಣೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಅಂಗಡಿಯವರು ಮನುಷ್ಯರ ಎನಿಮಾ ಬಾಟಲಿ ಮುಂದಿಟ್ಟು, ಇದು ಬೇಗ ಆಗುತ್ತೆ ಸಾರ್ ಅಂದರು. ಲೇಬಲ್ ಓದಿದರೆ ಸೋಡಿಯಂ ಫಾಸ್ಫೇಟ್. ಬೆಕ್ಕಿನ ರಕ್ತದಲ್ಲಿ ಫಾಸ್ಫೇಟ್ ಏರಿ, ಕ್ಯಾಲ್ಸಿಯಂ ಕುಸಿದು, ಪ್ರಾಣವೇ ಹೋಗಬಹುದು. ಎನಿಮಾ ಬೇಕೇ ಬೇಕೆಂದರೆ ಆಸ್ಪತ್ರೆಯಲ್ಲೇ ಆಗಲಿ.

ಯಾರಿಗೆ ಈ ಸಿರಪ್ ಬೇಡ? ಮಲ ಪೂರ್ತಿ ಕಟ್ಟಿಕೊಂಡು ವಾಂತಿ ಶುರುವಾದ, ಊಟ ಬಿಟ್ಟ ಬೆಕ್ಕಿಗೆ. ಅದಕ್ಕೆ ಡ್ರಿಪ್ ಬೇಕು, ಕೆಲವೊಮ್ಮೆ ಅರಿವಳಿಕೆ ಕೊಟ್ಟು ಮಲ ತೆಗೆಯಬೇಕಾಗುತ್ತದೆ. ಎರಡು ದಿನ ಮಲವಿಲ್ಲ ಅಂದರೆ ಫೋನ್ ಮಾಡಿ ಕೇಳಿ. ಗಂಡು ಬೆಕ್ಕು ಇರುವವರು ಇನ್ನೊಂದು ನೋಡಿಕೊಳ್ಳಿ. ತಿಣುಕುತ್ತಿರುವುದು ಮಲಕ್ಕೋ ಮೂತ್ರಕ್ಕೋ? ದೂರದಿಂದ ಎರಡೂ ಒಂದೇ ಥರ ಕಾಣುತ್ತದೆ. ಲಿಟರಿನಲ್ಲಿ ಮೂತ್ರದ ಒದ್ದೆ ಗಡ್ಡೆ ಇಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು.

ಈಗ ವೆಟ್ ಹೇಳಿದಂತೆ ಪಾಲಿಎಥಿಲೀನ್ ಗ್ಲೈಕಾಲ್ 3350 ಎಂಬ, ಮಲ ಮೆತ್ತಗೆ ಮಾಡುವ ಇನ್ನೊಂದು ಔಷಧಿಯ ಪುಡಿಗೆ ಬದಲಾಯಿಸುತ್ತಿದ್ದೇವೆ. ರುಚಿಯಿಲ್ಲ, ಅಂಟಿಲ್ಲ, ಊಟದಲ್ಲಿ ಕಲಸಿದರೆ ಆಯಿತು. ಕೊಳ್ಳುವಾಗ ಲವಣ ಬೆರೆಸಿದ, ಕೊಲೊನೊಸ್ಕೋಪಿಗೆ ಮೊದಲು ಕುಡಿಸುವ ಪುಡಿಯನ್ನು ತರಬೇಡಿ, ಅದು ಬೇರೆ. ವಾಂತಿಯೇನೂ ಇಲ್ಲದೆ ಬರೀ ಹಟಕ್ಕೆ ಊಟ ಮುಟ್ಟದ ದಿನ ಪುಡಿ ಹೊಟ್ಟೆಗೆ ಹೋಗುವುದಿಲ್ಲವಲ್ಲ, ಅದಕ್ಕೇ ಸಿರಪ್ಪಿನ ಒಂದು ಚಿಕ್ಕ ಬಾಟಲಿ ಕಪಾಟಿನಲ್ಲಿ ಇದ್ದೇ ಇರುತ್ತದೆ.