ಸೆಸ್ನಾ 172: ಕಲಿಯಲು ಒಳ್ಳೆಯ ವಿಮಾನ, ಆದರೆ ಮೊದಲು ಸೀಟು ಅಲುಗಾಡಿಸಿ ನೋಡಿ

ಹಾರಾಟ ಕಲಿಯುವವರಿಗೆ 172ಎಸ್ ಈಗಲೂ ನಮ್ಮ ಮೊದಲ ಆಯ್ಕೆ. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ತಲೆಯ ಮೇಲೆ ರೆಕ್ಕೆ, ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಸ್ವಭಾವ. ಟೇಕಾಫ್‌ನಲ್ಲಿ ಮಾತ್ರ ಅದು ಅಷ್ಟು ಉದಾರಿಯಲ್ಲ.

172ರ ಹಳೆಯ ದೌರ್ಬಲ್ಯ ಇರುವುದು ಸೀಟಿನಲ್ಲಿ. ನೆಲದ ಹಳಿಯ ಮೇಲೆ ಹಿಂದೆಮುಂದೆ ಸರಿಯುವ ಸೀಟನ್ನು ಹಿಡಿದಿಡುವುದು ಹಳಿಯ ತೂತಿಗೆ ಇಳಿಯುವ ಪುಟ್ಟ ಪಿನ್ನು. ವರ್ಷಗಟ್ಟಲೆ ಬಳಸಿದ ಹಳಿಯಲ್ಲಿ ತೂತು ಸವೆದು ಅಗಲವಾಗುತ್ತದೆ. ಪಿನ್ನು ಅರೆಬರೆ ಕೂತಿದ್ದರೆ, ಮೂಗು ಎತ್ತುವ ಹೊತ್ತಿಗೆ ಸೀಟು ಸರ್ರನೆ ಹಿಂದಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಯೋಕನ್ನು (ವಿಮಾನದ ಚುಕ್ಕಾಣಿ) ಬಿಗಿಯಾಗಿ ಹಿಡಿದ ಕೈಯ ಜೊತೆ ಯೋಕೂ ಹಿಂದಕ್ಕೆ ಬಂದು ಮೂಗು ಇನ್ನಷ್ಟು ಮೇಲೇಳುತ್ತದೆ, ಥ್ರಾಟಲ್ ಹಿಡಿದ ಕೈ ಎಂಜಿನ್ನಿನ ಪವರನ್ನೂ ತಗ್ಗಿಸಿಬಿಡುತ್ತದೆ, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಕಾಲಿಗೆ ಎಟುಕುವುದಿಲ್ಲ. ನೂರಡಿ ಎತ್ತರದಲ್ಲಿ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಸುಧಾರಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 1987ರಲ್ಲೇ ಈ ಹಳಿಗಳ ತಪಾಸಣೆ ಕಡ್ಡಾಯ ಮಾಡಿತು, 2011ರಲ್ಲಿ ಹೊಸ ಆದೇಶ ಹೊರಡಿಸಿತು. ತೂತು 0.42 ಇಂಚು ದಾಟಿತೆಂದರೆ ಹಳಿ ಬದಲಿಸಲೇಬೇಕು. ಪಿನ್ನು ತಪ್ಪಿದರೂ ಸೀಟನ್ನು ತಡೆದು ನಿಲ್ಲಿಸುವ ಸೆಕೆಂಡರಿ ಸೀಟ್ ಸ್ಟಾಪ್ ಸಿಗುತ್ತದೆ. ಅದಿಲ್ಲದ ಹಳೆಯ ವಿಮಾನದಲ್ಲಿ ಒಬ್ಬರೇ ಹಾರುವ ಸೋಲೊ ಬೇಡವೇ ಬೇಡ.

ಪಿನ್ನು ಕೂತಿತೆನ್ನುವ 'ಟಕ್' ಸದ್ದನ್ನು ನಂಬಬೇಡಿ. ಸೀಟು ಸರಿಸುವ ಲಿವರ್ ಬಿಟ್ಟ ಮೇಲೆ ಸೊಂಟದಿಂದ ಸೀಟನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ತಳ್ಳಿ ನೋಡಿ. ರನ್‌ವೇಗೆ ಬಂದು ನಿಂತಾಗ ಇನ್ನೊಮ್ಮೆ.

ಇನ್ನು ರಡ್ಡರ್. ಪೂರ್ತಿ ಪವರ್ ಕೊಟ್ಟೊಡನೆ ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲು ಸಿದ್ಧವಾಗಿರಲಿ. ಹಿಮ್ಮಡಿ ನೆಲದ ಮೇಲಿರಲಿ. ಪಾದ ಪೆಡಲಿನ ಮೇಲ್ತುದಿಗೆ ಏರಿದರೆ ಗೊತ್ತಿಲ್ಲದಂತೆ ಬ್ರೇಕ್ ಒತ್ತಿ, ಓಟ ಉದ್ದವಾಗುತ್ತದೆ.

ಬಿಸಿಲೂ ಲೆಕ್ಕಕ್ಕೆ ಬರಬೇಕು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಇರುವ ಎತ್ತರ ಸುಮಾರು 3,000 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ, ಹೆಚ್ಚಿದ ಪ್ರತಿ ಡಿಗ್ರಿಗೆ 120 ಅಡಿಯಂತೆ ಕೂಡಿಸಿ: ಎಂಜಿನ್ನಿಗೂ ರೆಕ್ಕೆಗೂ ಅದು 6,000 ಅಡಿಯ ತೆಳು ಗಾಳಿ. ಪೂರ್ತಿ ಥ್ರಾಟಲ್‌ನಲ್ಲಿ ನಿಂತು, ಆರ್‌ಪಿಎಂ ಗರಿಷ್ಠವಾಗುವವರೆಗೆ ಮಿಕ್ಸ್ಚರ್ ಲೀನ್ ಮಾಡಿಕೊಳ್ಳಿ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆ ಮಾಡಿ. ಮೂಗು ಎತ್ತುವ ವೇಗ 55 ನಾಟ್. ಅರ್ಧ ರನ್‌ವೇ ಮುಗಿದಾಗ ಅದರ ಶೇ 70, ಅಂದರೆ 39 ನಾಟ್ ಬಂದಿರದಿದ್ದರೆ ಥ್ರಾಟಲ್ ಎಳೆದು, ಬ್ರೇಕ್ ಹಾಕಿ ನಿಲ್ಲಿಸಿಬಿಡಿ.