ಅಂಗಡಿಯವರೇ ಓವರ್‌ಕ್ಲಾಕ್ ಮಾಡಿ ಕೊಡುವ ಕಂಪ್ಯೂಟರ್: ಕರಾವಳಿಯವರು ಕೊಳ್ಳುವ ಮೊದಲು ಓದಿ

ಹೊಸ ಕಂಪ್ಯೂಟರ್ ಕಟ್ಟಿಸುವಾಗ ಅಂಗಡಿಯವರು "ಓವರ್‌ಕ್ಲಾಕ್ ಮಾಡೇ ಕೊಡ್ತೀವಿ, ಅದಕ್ಕೆ ಚಾರ್ಜ್ ಇಲ್ಲ" ಅಂದರೆ ದಯವಿಟ್ಟು ಬೇಡ ಅನ್ನಿ. ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಡೆಯವರಂತೂ ಖಂಡಿತ ಬೇಡ ಅನ್ನಿ. ಮದುವೆ ವಿಡಿಯೋ ಎಡಿಟ್ ಮಾಡುವ ನಮ್ಮ ಕಡೆಯ ಹುಡುಗರು ಈಗ ಇಂಥದೇ ಮಷಿನ್ ತರಿಸುತ್ತಿದ್ದಾರೆ. ಅದಕ್ಕೇ ನಮ್ಮ ಭಾವನಿಗೆ ಆದದ್ದನ್ನು ಬರೆಯುತ್ತಿದ್ದೇನೆ.

ಭಾವನದು ಕಾರವಾರದಲ್ಲಿ ಫೋಟೋ ಸ್ಟುಡಿಯೋ. ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಎಎಂಡಿ ಕಂಪನಿಯ ರೈಜನ್ 7 5800ಎಕ್ಸ್ ಪ್ರೊಸೆಸರ್ ಹಾಕಿಸಿ ಮಷಿನ್ ಕಟ್ಟಿಸಿದರು. ಅಂಗಡಿಯವರು ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಪ್ರೊಸೆಸರ್‌ನೊಳಗೆ ಕೆಲಸ ಮಾಡುವ 8 ಕೋರ್‌ಗಳನ್ನೂ 4.7 ಗಿಗಾಹರ್ಟ್ಸ್‌ಗೆ, ವೋಲ್ಟೇಜನ್ನು 1.4 ವೋಲ್ಟ್‌ಗೆ ಫಿಕ್ಸ್ ಮಾಡಿಟ್ಟರು. ಎದುರಿಗೇ ಟೆಸ್ಟ್ ಓಡಿಸಿ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ ಅಂತ ತೋರಿಸಿದರು. 82 ಡಿಗ್ರಿ. "ಲಿಮಿಟ್ 90 ಇದೆ ಸರ್, ಏನೂ ತೊಂದರೆ ಆಗಲ್ಲ" ಅಂದರು.

ಲಿಮಿಟ್ 90 ಅನ್ನೋದು ನಿಜ. ಆದರೆ ಆ 82 ಬಂದದ್ದು ಎಸಿ ಹಾಕಿದ ಶೋರೂಮಿನಲ್ಲಿ, ಹುಬ್ಬಳ್ಳಿಯ ಚಳಿಗಾಲದಲ್ಲಿ. ಕೂಲರ್ ತಂಪು ಹುಟ್ಟಿಸುವುದಿಲ್ಲ. ಪ್ರೊಸೆಸರ್‌ನ ಬಿಸಿಯನ್ನು ಕೋಣೆಯ ಗಾಳಿಗೆ ಬಿಡುತ್ತದೆ, ಅಷ್ಟೇ. ಹಾಗಾಗಿ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 22 ಡಿಗ್ರಿಯ ಕೋಣೆಯಲ್ಲಿ 82 ತೋರಿಸಿದ ಮಷಿನ್ 33 ಡಿಗ್ರಿಯಲ್ಲಿ 93ಕ್ಕೆ ಹೋಗಲೇಬೇಕು. ನಮ್ಮಲ್ಲಿ ಏಪ್ರಿಲ್ ಸೆಕೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಸೊಳ್ಳೆ ಅಂತ ಕಿಟಕಿ ಹಾಕಿಕೊಂಡು, ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡಲು ರಾತ್ರಿಯಿಡೀ ಎಕ್ಸ್‌ಪೋರ್ಟ್‌ಗೆ ಬಿಟ್ಟರೆ, ಮಷಿನ್ನಿನ ಬಿಸಿಯೂ ಅದೇ ಕೋಣೆಯಲ್ಲೇ ಸುತ್ತುತ್ತಿರುತ್ತದೆ.

ಮದುವೆ ಸೀಸನ್ ಶುರುವಾಗುತ್ತಿದ್ದಂತೆ ಎಕ್ಸ್‌ಪೋರ್ಟ್ ನಡುವೆಯೇ ಮಷಿನ್ ರೀಸ್ಟಾರ್ಟ್ ಆಗತೊಡಗಿತು. ಅಂಗಡಿಗೆ ಫೋನ್ ಮಾಡಿದರೆ "ನಿಮ್ಮೂರಿನ ಕರೆಂಟ್ ಸರಿ ಇಲ್ಲ, ಯುಪಿಎಸ್ ಬದಲಿಸಿ" ಅಂದರು. ಬದಲಿಸಿದರು. ಆಮೇಲೆ "ರ‍್ಯಾಮ್ ನೋಡಿ" ಅಂದರು. ತಾವೇ ಇಟ್ಟ ವೋಲ್ಟೇಜ್ ಬಗ್ಗೆ ಒಂದು ಮಾತೂ ಇಲ್ಲ. ಒಂದು ರಾತ್ರಿ ಸೇವ್ ಆಗುತ್ತಿರುವಾಗಲೇ ಮಷಿನ್ ಬಿತ್ತು, ಪ್ರಾಜೆಕ್ಟ್ ಫೈಲ್ ಮತ್ತೆ ತೆರೆಯಲೇ ಇಲ್ಲ. ಕಾರ್ಡಿನ ವಿಡಿಯೋ ಉಳಿದಿತ್ತು, ಎಡಿಟ್ ಮಾಡಿದ್ದೆಲ್ಲ ಹೋಯಿತು. ಮದುವೆ ಹುಡುಗಿಯ ತಂದೆ ಸ್ಟುಡಿಯೋಕ್ಕೆ ಬಂದು ಕೇಳುವಾಗ ಭಾವ ತಲೆ ತಗ್ಗಿಸಿ ನಿಂತಿದ್ದರು. ಅವರದಲ್ಲದ ತಪ್ಪಿಗೆ ಅವರು ಆ ಮಾತು ಕೇಳಬೇಕಾಯಿತು, ಅದು ನನಗೆ ಇವತ್ತಿಗೂ ಸಿಟ್ಟು.

ಹೊಡೆತ ಬೀಳುವುದು ಮುಖ್ಯವಾಗಿ ವೋಲ್ಟೇಜಿನಿಂದ. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ತಕ್ಕಂತೆ ಏರುತ್ತದೆ. 1.25ರಿಂದ 1.4ಕ್ಕೆ ಏರಿಸಿದರೆ ಅದೊಂದರಿಂದಲೇ ಸುಮಾರು ಶೇ 25ರಷ್ಟು ಬಿಸಿ ಜಾಸ್ತಿ. "ಕಂಪನಿ ಸೆಟ್ಟಿಂಗಿನಲ್ಲೂ 1.4 ಮುಟ್ಟುತ್ತದಲ್ಲ" ಅಂತ ಅಂಗಡಿಯವರು ವಾದ ಮಾಡಬಹುದು. ಮುಟ್ಟುತ್ತದೆ, ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ, ಸ್ವಲ್ಪ ಹೊತ್ತು. ಎಂಟೂ ಕೋರ್ ದುಡಿಯತೊಡಗಿದರೆ ಪ್ರೊಸೆಸರ್ ತಾನೇ ಇಳಿಸಿಕೊಳ್ಳುತ್ತದೆ. ಫಿಕ್ಸ್ ಮಾಡಿದರೆ ಆ ದಾರಿಯೇ ಬಂದ್. 142 ವಾಟ್ ಅನ್ನುವ ಕಂಪನಿಯ ಮಿತಿಯೂ ಆಗ ಲೆಕ್ಕಕ್ಕಿಲ್ಲ. ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಹತ್ತು ನಿಮಿಷದ ಎಕ್ಸ್‌ಪೋರ್ಟ್‌ನಲ್ಲಿ ಅರ್ಧ ನಿಮಿಷದ ಉಳಿತಾಯ.

ಕೊನೆಗೆ ನಾನೇ ಬಯೋಸ್‌ಗೆ ಹೋಗಿ ಎಲ್ಲವನ್ನೂ ಕಂಪನಿ ಇಟ್ಟ ಡಿಫಾಲ್ಟ್‌ಗೆ ತಂದೆ. ಬಿಸಿ ಇಳಿಯಿತು, ರೀಸ್ಟಾರ್ಟ್ ನಿಲ್ಲಲಿಲ್ಲ. ಜಾಸ್ತಿ ವೋಲ್ಟೇಜ್, ಜಾಸ್ತಿ ಬಿಸಿ ಎರಡೂ ಸೇರಿ ಚಿಪ್ಪನ್ನು ಒಳಗಿಂದ ಸವೆಸುತ್ತವೆ, ಹಾಗೆ ಸವೆದದ್ದು ಮತ್ತೆ ಸರಿಯಾಗುವುದಿಲ್ಲ. ಓವರ್‌ಕ್ಲಾಕ್‌ನಿಂದ ಹಾಳಾದರೆ ಎಎಂಡಿ ವಾರಂಟಿ ಕೊಡುವುದಿಲ್ಲ. ಅಂಗಡಿಯವರು "ಸೆಟ್ಟಿಂಗ್ ನೀವೇ ಬದಲಿಸಿರಬೇಕು" ಅಂದುಬಿಟ್ಟರು. ಬಿಲ್ಲಿನಲ್ಲಿ ಓವರ್‌ಕ್ಲಾಕ್ ಅಂತ ಎಲ್ಲೂ ಬರೆದಿರಲಿಲ್ಲ.

ಇದನ್ನು ಓದಿ ಯಾರಾದರೂ "ಲಿಕ್ವಿಡ್ ಕೂಲರ್ ಹಾಕಿಸಿ" ಅನ್ನಬಹುದು. ಅದೂ ಕೋಣೆಯ ಗಾಳಿಗೇ ಬಿಸಿ ಬಿಡೋದು. ಕೋಣೆ 33 ಇದ್ದರೆ ಅದಕ್ಕಿಂತ ಕೆಳಗೆ ಯಾವ ಫ್ಯಾನೂ ಯಾವ ನೀರೂ ಇಳಿಸಲಾರದು. ಇನ್ನು ನಮ್ಮ ಉಪ್ಪುಗಾಳಿ. ಧೂಳು ತೇವ ಹಿಡಿದು ಕೂಲರ್ ರೆಕ್ಕೆಗಳ ನಡುವೆ ಅಂಟಿಕೊಳ್ಳುತ್ತದೆ, ಬ್ಲೋವರ್ ಹಿಡಿದರೆ ಸುಮ್ನೆ ಹೋಗಲ್ಲ, ಬ್ರಶ್ಶೇ ಬೇಕು.

ಸೆಕೆಂಡ್ ಹ್ಯಾಂಡ್ ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ನೋಡುತ್ತಿರುವವರೂ ಹುಷಾರು. ಅವುಗಳಲ್ಲಿ ಓವರ್‌ಕ್ಲಾಕ್ ಮಾಡದಿದ್ದರೂ ಜಾಸ್ತಿ ವೋಲ್ಟೇಜಿನಿಂದ ತೊಂದರೆ ಆಗಿದೆ. 2024ರ ಆಗಸ್ಟಿನಿಂದ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ಪನ್ನು ಆ ಅಪ್‌ಡೇಟ್ ಸರಿಮಾಡುವುದಿಲ್ಲ.

ಭಾವ ಈಗ ಬೇರೆ 5800ಎಕ್ಸ್ ಹಾಕಿಸಿ ಬಯೋಸ್‌ನಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವ ಇಕೋ ಮೋಡ್ ಇಟ್ಟಿದ್ದಾರೆ, ಮಿತಿ 88 ವಾಟ್. ಮೇ ತಿಂಗಳ ಮಧ್ಯಾಹ್ನವೂ 75ರ ಆಸುಪಾಸಿನಲ್ಲೇ ಇತ್ತು. ಎಕ್ಸ್‌ಪೋರ್ಟ್ ತುಸು ನಿಧಾನ, ಅಷ್ಟೇ.

ನೀವು ಮಷಿನ್ ತರುವಾಗ ದುಡ್ಡು ಕೊಡುವ ಮೊದಲು ಬಯೋಸ್ ತೆರೆಸಿ, ವೋಲ್ಟೇಜ್ ಆಟೋ ಇದೆಯಾ ನೋಡಿ, ಫೋಟೋ ತೆಗೆದುಕೊಳ್ಳಿ. ಏನಾದರೂ ಬದಲಿಸಿದ್ದರೆ ಬಿಲ್ಲಿನಲ್ಲೇ ಬರೆಸಿ. ಈಗಾಗಲೇ ಮನೆಗೆ ಬಂದಿದ್ದರೆ ಎಚ್‌ಡಬ್ಲ್ಯೂಇನ್ಫೋ ಅನ್ನುವ, ಬಿಸಿ ತೋರಿಸುವ ಸಾಫ್ಟ್‌ವೇರ್ ಹಾಕಿಕೊಂಡು, ಸೆಕೆ ಜೋರಾಗಿರುವ ಹೊತ್ತಿನಲ್ಲಿ ನಿಮ್ಮದೇ ಕೋಣೆಯಲ್ಲಿ ಅರ್ಧ ಗಂಟೆ ಎಕ್ಸ್‌ಪೋರ್ಟ್ ಓಡಿಸಿ ಎಷ್ಟು ಏರುತ್ತದೆ ನೋಡಿ. ಬಯೋಸ್‌ಗೆ ಕೈ ಹಾಕಲು ಹೆದರಿಕೆ ಆದರೆ ಯಾವ ಮದರ್‌ಬೋರ್ಡ್ ಅಂತ ತಿಳಿಸಿ, ಎಲ್ಲೆಲ್ಲಿ ಏನಿದೆ ಅಂತ ನಾನು ಹೇಳಿಕೊಡುತ್ತೇನೆ.